ನಾನು ಲೂಥರನ್ ಸಭೆಗೆ ಸೇರಿದ್ದೇಕೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕರ್ತನ ನಾಮದಲ್ಲಿ ವಂದನೆಗಳು. ನಿನ್ನ ಪತ್ರದ ಪ್ರಶ್ನೆಗಳಲ್ಲಿ ಒಂದು ಮಾತ್ರ ಮನಸ್ಸಿಗೆ ಬಹಳ ಭಾರವಾಯಿತು. ನಮ್ಮ ಬ್ಯಾಪ್ಟಿಸ್ಟ್ ಸಭೆಯವರೆಲ್ಲ ದಡದಲ್ಲಿ ನಿಂತು ಹಾಡುತ್ತಿದ್ದಾಗ ನಾವಿಬ್ಬರೂ ಒಂದೇ ದಿನ ತುಂಗೆಯಲ್ಲಿ ಮುಳುಗಿ ಪಡೆದ ದೀಕ್ಷಾಸ್ನಾನವನ್ನು ನಾನೀಗ ಸುಳ್ಳೆಂದು ಎಣಿಸುತ್ತೇನೆಯೇ ಎಂದು ಕೇಳಿದ್ದೀಯ. ಖಂಡಿತ ಇಲ್ಲ. ಇಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಲೂಥರನ್ ಸಭೆಗೆ ನನ್ನನ್ನು ಸೇರಿಸಿಕೊಂಡಾಗ ಮತ್ತೆ ದೀಕ್ಷಾಸ್ನಾನ ಕೊಡಲಿಲ್ಲ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಆದದ್ದನ್ನು ಅವರು ಎರಡನೆಯ ಸಲ ಮಾಡುವುದಿಲ್ಲ. ಅಂದು ನಾನು ದೇವರಿಗೆ ಮಾತು ಕೊಟ್ಟೆನೆಂದು ತಿಳಿದಿದ್ದೆ. ಇಂದು, ದೇವರೇ ನನಗೆ ಮಾತು ಕೊಟ್ಟನೆಂದು ನಂಬುವುದರಿಂದ, ಆ ದಿನದ ಬೆಲೆ ನನಗೆ ಮೊದಲಿಗಿಂತ ಹೆಚ್ಚಾಗಿದೆ.

ನಮ್ಮ ಸಭೆಯ ಋಣ ನನ್ನ ಮೇಲೆ ದೊಡ್ಡದಿದೆ. ವಾಕ್ಯವನ್ನು ಬಾಯಿಪಾಠ ಮಾಡಲು, ಕಷ್ಟದಲ್ಲಿರುವವರ ಮನೆಗೆ ಹೇಳಿಕಳುಹಿಸುವ ಮೊದಲೇ ಹೋಗಿ ಪ್ರಾರ್ಥಿಸಲು ಕಲಿತದ್ದು ಅಲ್ಲಿಯೇ. ಆದರೆ ಪ್ರಸಂಗದ ಕೊನೆಗೆ ರಕ್ಷಣೆಯ ನಿಶ್ಚಯ ಇಲ್ಲದವರು ಕೈ ಎತ್ತಬೇಕೆಂದು ಪಾಸ್ಟರ್ ಕರೆಕೊಟ್ಟಾಗಲೆಲ್ಲ ನಾನು ನನ್ನೊಳಗೇ ಇಳಿದು ಹುಡುಕಬೇಕಾಗುತ್ತಿತ್ತು: ನನ್ನ ಮಾನಸಾಂತರ ನಿಜವಾದದ್ದೇ, ಅಂದಿನ ಕಣ್ಣೀರು ಪಾಪದ ದುಃಖದ್ದೋ ನರಕದ ಭಯದ್ದೋ, ನಿಜವಾಗಿ ನಂಬಿದವನಾಗಿದ್ದರೆ ಅದೇ ಪಾಪ ಮತ್ತೆ ಮತ್ತೆ ಕಾಡುವುದೇಕೆ? ಈ ಹುಡುಕಾಟಕ್ಕೆ ತಳವೆಂಬುದಿಲ್ಲ. ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ನೆಮ್ಮದಿ ಕಾಣದ ಯುವ ಸನ್ಯಾಸಿ, ಮುಂದೆ ಜರ್ಮನಿಯಲ್ಲಿ ಸಭೆಯ ಸುಧಾರಣೆಗೆ ಮುಂದಾದ ಮಾರ್ಟಿನ್ ಲೂಥರರಿಗೆ, ಅವರ ಹಿರಿಯರಾದ ಯೋಹಾನ್ ಫಾನ್ ಸ್ಟೌಪಿಟ್ಸ್ ಕ್ರಿಸ್ತನ ಗಾಯಗಳತ್ತ ನೋಡುವಂತೆ ಬುದ್ಧಿ ಹೇಳಿದ್ದರು. ಮುಂದೆ 1529ರಲ್ಲಿ ನಂಬಿಕೆಯ ಪಾಠ ಕಲಿಸಲು ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಲೂಥರರು, ನನ್ನ ಸ್ವಂತ ಬುದ್ಧಿಯಿಂದಾಗಲಿ ಬಲದಿಂದಾಗಲಿ ಯೇಸುವನ್ನು ನಂಬಲಾರೆ, ಪವಿತ್ರಾತ್ಮನೇ ಸುವಾರ್ತೆಯ ಮೂಲಕ ನನ್ನನ್ನು ಕರೆದನು ಎಂಬ ಅರ್ಥದಲ್ಲಿ ಬರೆದರು. ಅದನ್ನು ಓದಿದಾಗ ನನ್ನ ಹೆಗಲ ಮೇಲಿನ ಹೊರೆ ಇಳಿಯಿತು. ನಿಶ್ಚಯವು ನನ್ನ ಹೊರಗೆ, ದೇವರ ವಾಗ್ದಾನದಲ್ಲಿದೆ. ನಂಬಿಕೆಯ ಕೆಲಸ ಅದನ್ನು ಹಿಡಿದುಕೊಳ್ಳುವುದಷ್ಟೇ.

ಸ್ವತಃ ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಸಲ್ಲುತ್ತದೆಂದು ನಂಬುವ ನಿನಗೆ, ನನ್ನ ಹಸುಗೂಸು ಮಗಳ ದೀಕ್ಷಾಸ್ನಾನದ ಸುದ್ದಿ ನೋವು ತಂದಿತೆಂದು ಬಲ್ಲೆ. ಪಾಸ್ಟರ್ ಮೂರು ಸಲ ನೀರು ಸುರಿದಾಗಲೂ ಅವಳು ನಿದ್ದೆಯಲ್ಲೇ ಇದ್ದಳು. ಅವಳು ತೀರ್ಮಾನ ಮಾಡಲಿಲ್ಲ, ಸಾಕ್ಷಿ ಹೇಳಲಿಲ್ಲ, ಕೊಟ್ಟದ್ದನ್ನು ಪಡೆದಳು. ನಾನೂ ನೀನೂ ದೇವರ ಮುಂದೆ ಅದಕ್ಕಿಂತ ಹೆಚ್ಚಿನದೇನನ್ನು ತಂದಿದ್ದೆವು? ಅಪೊಸ್ತಲರ ಕೃತ್ಯಗಳು 2:39ರಲ್ಲಿ ವಾಗ್ದಾನವು ನಿಮಗೂ ನಿಮ್ಮ ಮಕ್ಕಳಿಗೂ ಉಂಟೆಂದು ಪೇತ್ರನು ಹೇಳಿದ್ದನ್ನು ನಾವು ಎಷ್ಟೋ ಸಲ ಜೊತೆಗೇ ಓದಿದ್ದೇವೆ.

ಸಮೀಪದ ವಿಟೆನ್‌ಬರ್ಗ್‌ನ ಪಟ್ಟಣ ಚರ್ಚಿನಲ್ಲಿ ಕ್ರಾನಾಖ್ ಚಿತ್ರಶಾಲೆಯವರು ಬರೆದ, 1547ರ ಬಲಿಪೀಠದ ಚಿತ್ರವಿದೆ. ಕೆಳಗಿನ ಪಟ್ಟಿಯಲ್ಲಿ ಲೂಥರರು ಒಂದು ಕೈಯನ್ನು ತೆರೆದ ಬೈಬಲಿನ ಮೇಲಿಟ್ಟು, ಇನ್ನೊಂದು ಕೈಯಿಂದ ಜನರಿಗೂ ತನಗೂ ನಡುವೆ ನಿಂತ ಶಿಲುಬೆಯ ಕ್ರಿಸ್ತನನ್ನು ತೋರಿಸುತ್ತಾರೆ. ನನ್ನ ಮನಸ್ಸು ಸಾಗಿದ ದಾರಿಯೆಲ್ಲ ಆ ಕೈಯಲ್ಲಿದೆ. ಎಡಗಡೆ ಲೂಥರರ ಸಂಗಡಿಗ ಮೆಲಾಂಕ್ಟನ್ ಮಗುವೊಂದಕ್ಕೆ ದೀಕ್ಷಾಸ್ನಾನ ಕೊಡುತ್ತಿದ್ದಾರೆ. ಅವರು ಸಭಾಪಾಲಕರಾಗಿ ಅಭಿಷೇಕ ಪಡೆದವರೇ ಅಲ್ಲ. ಆದರೆ ಇದೇ ಮೆಲಾಂಕ್ಟನ್ 1536ರಲ್ಲಿ, ಶಿಶುಗಳ ದೀಕ್ಷಾಸ್ನಾನವನ್ನು ಒಪ್ಪದ ಅನಾಬ್ಯಾಪ್ಟಿಸ್ಟರಿಗೆ ಮರಣದಂಡನೆ ಕೊಡುವುದನ್ನು ಸಮರ್ಥಿಸುವ ಅಭಿಪ್ರಾಯಪತ್ರ ಬರೆದರು, ಲೂಥರರೂ ಅದಕ್ಕೆ ಸಹಿ ಹಾಕಿದರು. ನಿನ್ನಂತೆ ವಿಶ್ವಾಸಿಗಳ ದೀಕ್ಷಾಸ್ನಾನವನ್ನೇ ನಂಬಿದವರ ರಕ್ತ ಅದು. ಇದನ್ನು ನಿನ್ನಿಂದ ಮುಚ್ಚಿಡಲಾರೆ, ಕಾಲವೇ ಹಾಗಿತ್ತೆಂದು ಹಗುರ ಮಾಡಲೂ ಆರೆ. 2010ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೇರಿದ ಲೂಥರನ್ ವಿಶ್ವ ಒಕ್ಕೂಟದ ಮಹಾಸಭೆ, ಅನಾಬ್ಯಾಪ್ಟಿಸ್ಟರ ವಾರಸುದಾರರಾದ ಮೆನ್ನೊನೈಟರ ಮುಂದೆ ಈ ಹಿಂಸೆಗಾಗಿ ದೇವರನ್ನೂ ಅವರನ್ನೂ ಕ್ಷಮೆ ಕೇಳಿತು. ಹಾಗೆ ಕೇಳುವ ಸಭೆಯಾದ್ದರಿಂದಲೇ ಅದರೊಳಗೆ ನಿಲ್ಲಲು ನನಗೆ ಸಾಧ್ಯವಾಗಿದೆ.

ಕರ್ತನ ಭೋಜನದ ವಿಷಯದಲ್ಲಿ ನಮ್ಮಿಬ್ಬರ ನಡುವಿನ ಅಂತರ ಹಳೆಯದು. 1529ರ ಅಕ್ಟೋಬರಿನಲ್ಲಿ ಮಾರ್‌ಬುರ್ಗ್‌ನಲ್ಲಿ ಕೂಡಿದ ಲೂಥರರೂ ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿಯವರೂ 15 ವಿಷಯಗಳ ಪೈಕಿ 14ರಲ್ಲಿ ಒಪ್ಪಿದರು; ರೊಟ್ಟಿ ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ದೇಹ ರಕ್ತಗಳು ನಿಜವಾಗಿಯೂ ಇವೆಯೇ ಎಂಬಲ್ಲಿ ಮುರಿದುಬಿತ್ತು. ನಮ್ಮ ಬ್ಯಾಪ್ಟಿಸ್ಟ್ ಸಭೆಯಲ್ಲೂ ಜ್ವಿಂಗ್ಲಿಯವರು ಹೇಳಿದಂತೆ ಅದು ಸ್ಮರಣೆ, ಆದ್ದರಿಂದ ನೆನೆಯುವ ನನ್ನ ಮನಸ್ಸು ಎಷ್ಟು ಶುದ್ಧವಿದೆಯೆಂಬ ಚಿಂತೆಯೇ ನನಗೆ ದೊಡ್ಡದಾಗಿರುತ್ತಿತ್ತು. ಇಲ್ಲಿ ಬಲಿಪೀಠದ ಸುತ್ತ ಅರ್ಧವೃತ್ತವಾಗಿ ನಿಲ್ಲುತ್ತೇವೆ. ಪಾಸ್ಟರ್ ಒಬ್ಬೊಬ್ಬರ ಅಂಗೈಗೂ ರೊಟ್ಟಿ ಕೊಟ್ಟು, ಕ್ರಿಸ್ತನ ದೇಹ, ನಿನಗೋಸ್ಕರ ಕೊಡಲ್ಪಟ್ಟದ್ದು ಎನ್ನುತ್ತಾರೆ. ಪಕ್ಕದಲ್ಲಿರುವವರಿಗೆ ಹೇಳಿದ್ದು ನನಗೆ ಸಲ್ಲುತ್ತದೆಯೋ ಇಲ್ಲವೋ ಎಂದು ಶಂಕಿಸಲು ಅಲ್ಲಿ ಎಡೆಯೇ ಇಲ್ಲ.

ಊರಿಗೆ ಬಂದಾಗ ಭಾನುವಾರ ನಿನ್ನ ಜೊತೆ ಸಭೆಗೆ ಬಂದೇ ಬರುತ್ತೇನೆ, ಹಳೆಯ ಕೀರ್ತನೆಗಳನ್ನು ಜೊತೆಗೇ ಹಾಡೋಣ. ಅದಕ್ಕೂ ಮೊದಲು, ಲೂಥರನರ ನಂಬಿಕೆಯನ್ನು ಸಾರುವ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯ 4, 5 ಮತ್ತು 9ನೆಯ ವಿಧಿಗಳನ್ನು ಓದು. ಒಂಬತ್ತನೆಯದು ನಿನ್ನಂತೆ ನಂಬಿದ ಅನಾಬ್ಯಾಪ್ಟಿಸ್ಟರನ್ನು ಹೆಸರಿಟ್ಟು ಖಂಡಿಸುತ್ತದೆ, ಆದ್ದರಿಂದ ಅದನ್ನೇ ಮೊದಲು ಓದು. ಒಪ್ಪದಿರುವುದನ್ನು ವಾಕ್ಯದ ಆಧಾರದೊಡನೆ, ಯಾವ ಸಂಕೋಚವೂ ಇಲ್ಲದೆ ಬರೆ.

ಕ್ರಿಸ್ತನಲ್ಲಿ ನಿನ್ನ ಸಹೋದರ