ತುಟಿಯಲ್ಲಿ ಕಚ್ಚಿದ ಗುಂಡುಪಿನ್ನು

ಸಕಲೇಶಪುರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಂದು ಬೆಳಿಗ್ಗೆ ನೀನು ಕನ್ನಡಿಯ ಮುಂದೆ ದುಪಟ್ಟಾ ಸರಿಪಡಿಸಿಕೊಳ್ಳುತ್ತಾ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದುದನ್ನು ಕಂಡು ನಾನು ಕೂಗಾಡಿದೆ; ನೀನು ತಿಂಡಿಯನ್ನೂ ತಿನ್ನದೆ ಮೈಸೂರಿನ ಬಸ್ಸು ಹತ್ತಿದೆ. ಹೊರಟು ನಿಂತವಳ ಮೇಲೆ ಹಾಗೆ ರೇಗಬಾರದಿತ್ತು. ಆದರೆ ಆ ಪಿನ್ನು ಕಂಡೊಡನೆ ಹಾಸನದ ಆಸ್ಪತ್ರೆಯಲ್ಲಿ ನೋಡಿದ ನಿನ್ನ ಹೊಟ್ಟೆಯ ಎಕ್ಸ್‌ರೇ ಕಣ್ಣ ಮುಂದೆ ಬಂತು. ಬಲಗಡೆ ಸೊಂಟದ ಮೂಳೆಯ ಹತ್ತಿರ ಒಂದು ಬಿಳಿ ಗೆರೆ, ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ. 30 ವರ್ಷ ರವಿಕೆ ಹೊಲಿದವಳಿಗೆ ಅದೇನೆಂದು ಡಾಕ್ಟರು ಹೇಳಬೇಕಾಗಿರಲಿಲ್ಲ.

ಯಾವ ಮದುವೆಯಲ್ಲಿ, ಯಾರ ಸೆರಗು ಜೋಡಿಸುವಾಗ ನುಂಗಿದೆಯೋ ನಿನಗೇ ನೆನಪಿಲ್ಲ. ನುಂಗಿದ ವಸ್ತುಗಳು ಬಹುಪಾಲು ತಾವಾಗಿಯೇ ಹೊರಬೀಳುತ್ತವೆಯಂತೆ. ಎಲ್ಲೋ ಅಪರೂಪಕ್ಕೆ ದೊಡ್ಡ ಕರುಳಿನ ಆರಂಭದಲ್ಲಿರುವ ಅಪೆಂಡಿಕ್ಸಿನೊಳಗೆ ಜಾರಿದ ಪಿನ್ನು ಮಾತ್ರ ಅಲ್ಲಿಯೇ ಸಿಕ್ಕಿಕೊಂಡು, ಕೀವಾಗುವವರೆಗೂ ಸುಳಿವು ಕೊಡದೆ ಇರಬಲ್ಲದಂತೆ. 1735ರಲ್ಲಿ ಲಂಡನ್ನಿನಲ್ಲಿ ಕ್ಲಾಡಿಯಸ್ ಅಮ್ಯಾಂಡ್ ಎಂಬ ವೈದ್ಯರು 11 ವರ್ಷದ ಹುಡುಗನ ಅಪೆಂಡಿಕ್ಸ್ ತೆಗೆದಾಗ ಅದನ್ನು ಚುಚ್ಚಿದ್ದುದು ಕೂಡ ಪಿನ್ನೇ ಎಂದು ಡಾಕ್ಟರು ಹೇಳಿದರು. ಮತ್ತಿನ ಔಷಧವಿಲ್ಲದ ಕಾಲದಲ್ಲಿ ಆ ಮಗು ಹೇಗೆ ತಡೆದುಕೊಂಡಿತೋ! ನಿನ್ನ ಆಪರೇಷನ್ ಕೋಣೆಯ ಬಾಗಿಲ ಹೊರಗೆ ಕುಳಿತು ನಾನು ಆ ಮಗುವಿನ ತಾಯಿಯನ್ನೇ ನೆನೆಯುತ್ತಿದ್ದೆ.

ಪಿನ್ನು ಬಾಯಲ್ಲಿಟ್ಟುಕೊಳ್ಳುವುದನ್ನು ನೀನು ಕಲಿತದ್ದು ನನ್ನಿಂದಲೇ. ಮಷಿನ್ನಿನ ಪಕ್ಕ ಕುಳಿತು ನನ್ನಂತೆಯೇ ತುಟಿ ಬಿಗಿಹಿಡಿಯುತ್ತಿದ್ದ ನಿನ್ನನ್ನು ಕಂಡು ನಾನು ಖುಷಿಪಟ್ಟಿದ್ದೆ. ಅದಕ್ಕಿಂತಲೂ ಆ ರಾತ್ರಿ ನನ್ನನ್ನು ಬಿಡುವುದಿಲ್ಲ. ಹೊಕ್ಕುಳ ಸುತ್ತ ನೋವೆಂದಾಗ ವಾಯುವೆಂದು ಓಮದ ಕಷಾಯ ಕೊಟ್ಟೆ. ನೋವು ಬಲಗಡೆ ಕೆಳಹೊಟ್ಟೆಗೆ ಇಳಿಯಿತೆಂದು ನೀನು ಸ್ಪಷ್ಟವಾಗಿ ಹೇಳಿದರೂ ಹರಳೆಣ್ಣೆ ಕುಡಿಸಿದೆ. ಅಪೆಂಡಿಕ್ಸಿನ ನೋವಿಗೆ ಭೇದಿ ಮಾಡಿಸಿದರೆ ಅದು ಒಡೆದು ಹೊಟ್ಟೆಯೆಲ್ಲ ನಂಜಾಗಬಹುದೆಂದು ಆಮೇಲೆ ತಿಳಿದಾಗ ನನ್ನ ಕೈಕಾಲು ತಣ್ಣಗಾದವು. ಹಾಸನದವರೆಗಿನ 40 ಕಿಲೋಮೀಟರ್ ದಾರಿಯಲ್ಲಿ ಪ್ರತಿ ಹಳ್ಳಕ್ಕೂ ನೀನು ಹಲ್ಲು ಕಚ್ಚುತ್ತಿದ್ದೆ. ನಿನ್ನ ಧೈರ್ಯ ನನಗೆ ಹೆಮ್ಮೆಯೇ. ಆದರೂ ಹೊಟ್ಟೆನೋವನ್ನು ಇನ್ನು ಮುಂದೆ ಹಾಗೆ ನುಂಗಿಕೊಳ್ಳಬೇಡ, ನಾನು ಏನೇ ಹೇಳಿದರೂ ಮೊದಲು ಡಾಕ್ಟರ ಬಳಿಗೆ ಹೋಗು. ಅಂದು ನಿನ್ನ ಮಾತು ನಂಬದಿದ್ದುದಕ್ಕೆ ಕ್ಷಮಿಸು.

ಇದರ ಜೊತೆ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಿನ್ನಿನ ಮೆತ್ತೆಯೊಂದನ್ನು ಹೊಲಿದು ಕಳುಹಿಸುತ್ತಿದ್ದೇನೆ. ಅದರಲ್ಲಿ 12 ಪಿನ್ನುಗಳಿವೆ. ಕೈಗೆ ಬಂದೊಡನೆ ಎಣಿಸಿ ನನಗೆ ಫೋನ್ ಮಾಡು.

ನಿನ್ನ ಅಮ್ಮ