ಗೋಲೆಸ್ತಾನಿನ ಮಗ್ಗದ ಮುಂದೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇರಾನಿನಿಂದ ಬಂದಾಗಿನಿಂದ ಫೋನಿನಲ್ಲಿ ನೀನು ಕೇಳೋದು ಒಂದೇ, ‘ಇಸ್ಫಹಾನ್ ಹೇಗಿತ್ತು?’ ಚೆನ್ನಾಗಿತ್ತು ಕಣೋ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರೋದು ಗೋಲೆಸ್ತಾನ್. ಅದು ಫೋನಿನಲ್ಲಿ ಹೇಳಿ ಮುಗಿಸೋ ಮಾತಲ್ಲ, ಅದಕ್ಕೇ ಈ ಪತ್ರ.

ಕ್ಯಾಸ್ಪಿಯನ್ ಸಮುದ್ರದ ಆಗ್ನೇಯ ಮೂಲೆಯಲ್ಲಿದೆ ಈ ಪ್ರಾಂತ್ಯ. ಮೊದಲು ಮಾಜಂದರಾನ್‌ಗೆ ಸೇರಿತ್ತು, 1997ರಲ್ಲಿ ಬೇರೆಯಾಯಿತು. ದಕ್ಷಿಣಕ್ಕೆ ದಟ್ಟ ಕಾಡಿನ ಬೆಟ್ಟ, ಉತ್ತರಕ್ಕೆ ಬಟಾಬಯಲು, ಅದರಾಚೆ ತುರ್ಕ್‌ಮೆನಿಸ್ತಾನ. ನಿಮ್ಮ ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನನ ಊರು ಗಿಲಾನ್ ಕೂಡ ಇದೇ ಸಮುದ್ರದ ದಂಡೆ, ಪಶ್ಚಿಮದ ಕಡೆಗೆ. ಅಲ್ಲಿ ನಿಂತಾಗ ನೀನೇ ನೆನಪಾದೆ.

ನಾವು ಹದಿನಾಲ್ಕು ಜನ, ಒಂದು ಸಣ್ಣ ಬಸ್ಸು. ಪ್ರಾಂತ್ಯದ ಮುಖ್ಯ ಊರು ಗೊರ್ಗಾನ್, ಅದರ ಪೇಟೆಯಲ್ಲಿ ಫಾರ್ಸಿ ಮಾತು. ಅದೇ ಊರಿನಲ್ಲಿ ಕಜಕ್ ಮಾತಾಡುವವರೂ ಇದ್ದಾರೆ. 1930ರ ದಶಕದಲ್ಲಿ ಸೋವಿಯತ್ ಆಳ್ವಿಕೆಯ ಕಷ್ಟ ತಾಳಲಾರದೆ ಓಡಿ ಬಂದವರ ಮಕ್ಕಳು ಮೊಮ್ಮಕ್ಕಳು ಅವರು. ಊರು ದಾಟಿದರೆ ತುರ್ಕ್‌ಮೆನ್ನರ ಹಳ್ಳಿಗಳು. ನಡುನಡುವೆ ಸೀಸ್ತಾನಿಗಳು. ಹಿರ್ಮಂದ್ ನದಿ ಬತ್ತಿದಾಗ, ದೂರದ ಅಫ್ಘನ್ ಗಡಿಯಿಂದ ಗುಳೆ ಬಂದು, ಇಲ್ಲಿಯ ಹತ್ತಿ ಹೊಲಗಳಲ್ಲಿ ದುಡಿದು ನೆಲೆ ನಿಂತವರು. ಗುಳೆ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಗೊಂಬದೆ ಕಾವೂಸ್ ಅನ್ನೋ ಊರಿನ ಗೋಪುರ ನೋಡಿದೆವು. 1006ರಲ್ಲಿ ಜಿಯಾರಿ ವಂಶದ ದೊರೆ ಕಾಬೂಸ್ ತನ್ನ ಸಮಾಧಿಗೆಂದು ಕಟ್ಟಿಸಿದ್ದು. ಬರೀ ಇಟ್ಟಿಗೆ, 53 ಮೀಟರ್ ಎತ್ತರ. ಸುತ್ತ ಹತ್ತು ಚೂಪು ಮೂಲೆಗಳು, ಎರಡು ಸಾಲು ಬರಹ. ಬೇರೆ ಅಲಂಕಾರವೇ ಇಲ್ಲ. ಕತ್ತೆತ್ತಿ ನೋಡಿದವನು ಸುಮ್ನೆ ನಿಂತುಬಿಟ್ಟೆ. ಆಮೇಲೆ ನಮ್ಮ ದೇಶಕ್ಕೆ ಬಂದು ಇಲ್ಲಿಯ ವಿದ್ಯೆಯನ್ನೆಲ್ಲ ಬರೆದಿಟ್ಟ ಅಲ್‌ಬಿರೂನಿ ಇದೇ ದೊರೆಯ ಆಸರೆಯಲ್ಲಿ ಕೆಲವು ವರ್ಷ ಇದ್ದವನು.

ಖಾಲಿದ್ ನಬಿಯ ಬೆಟ್ಟದಲ್ಲಿ ಮಾತ್ರ ನನಗೆ ಬೇಜಾರಾಯಿತು. ಅಲ್ಲಿ ನೂರಾರು ಹಳೆಯ ಕಲ್ಲುಗಳು ನಿಂತಿವೆ. ಕೆಲವು ಗಂಡಸಿನ ಅಂಗದ ಹಾಗೆ ಕಾಣುತ್ತವೆ. ಆ ಆಕಾರ ನೋಡಿ ನಮ್ಮ ಗುಂಪಿನ ಕೆಲವರು ನಕ್ಕರು, ಪಕ್ಕಕ್ಕೆ ನಿಂತು ಫೋಟೋ ತೆಗೆಸಿಕೊಂಡರು. ಅವು ಸಮಾಧಿ ಕಲ್ಲುಗಳು, ಮಾರಾಯ! ಅಲ್ಲೇ ಹತ್ತಿರದ ದರ್ಗಾಕ್ಕೆ ತುರ್ಕ್‌ಮೆನ್ ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ಹರಕೆಗೆ ಬಂದಿದ್ದವು. ಅವರ ಮುಖ ನೋಡಲಾಗದೆ ತಲೆ ತಗ್ಗಿಸಿದೆ.

ಈಗ ನನ್ನ ಮನಸ್ಸಿನಲ್ಲಿ ಉಳಿದ ಒಂದು ಮನೆಯ ವಿಷಯಕ್ಕೆ ಬರುತ್ತೇನೆ. ರಾತ್ರಿ ಒಂದು ತುರ್ಕ್‌ಮೆನ್ ಹಳ್ಳಿಯಲ್ಲಿ ಉಳಿದೆವು. ನೆಲದ ಮೇಲೆ ದಸ್ತರ್‌ಖಾನ್ ಹಾಸಿ ಚೆಕ್‌ದರ್ಮೆ ಬಡಿಸಿದರು. ಅಕ್ಕಿ, ಮಾಂಸ, ಟೊಮೆಟೊ ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದದ್ದು. ನಿಮ್ಮಮ್ಮ ಮಾಡೋ ತಹರಿಯ ದಾಯಾದಿ ಅನ್ನು. ಉಂಡಾದ ಮೇಲೆ ಮನೆಯ ಹಿರಿಯ ಹೆಂಗಸು, ಎಲ್ಲರೂ ‘ಎಜೆ’, ಅಂದರೆ ಅಮ್ಮ, ಅಂತ ಕರೆಯುತ್ತಿದ್ದವರು, ಪಕ್ಕದ ಕೋಣೆಗೆ ಕರೆದರು. ಅಲ್ಲಿ ಜಮಖಾನೆ ನೇಯುವ ಮಗ್ಗ ಇತ್ತು.

ನಾನು ಇಳಕಲ್ಲಿನ ನೇಕಾರರ ಮನೆಯವನು, ನಿನಗೆ ಗೊತ್ತೇ ಇದೆ. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯೋ ಕುಣಿಮಗ್ಗದ ಸದ್ದಿನಲ್ಲೇ ಬೆಳೆದವನು. ಆದರೆ ಇಂಥ ಮಗ್ಗ ಕಂಡಿರಲಿಲ್ಲ. ಅದು ನೆಲದ ಮೇಲೆ ಮಲಗಿತ್ತು. ಎರಡು ತುದಿಯಲ್ಲಿ ಎರಡು ತೊಲೆ, ನಡುವೆ ಬಿಗಿದ ಹಾಸು, ಅಂದರೆ ಉದ್ದದ ಎಳೆಗಳು. ಎಜೆ ನೇಯ್ದು ಮುಗಿದ ಭಾಗದ ಮೇಲೆಯೇ ಕೂತು ಮುಂದಕ್ಕೆ ನೇಯುತ್ತಾರೆ. ಹಾಸಿನ ಎರಡೆಳೆಗೆ ಉಣ್ಣೆ ನೂಲು ಸುತ್ತಿ ಗಂಟು, ಚಾಕುವಿನಿಂದ ಒಂದು ಕೊಯ್ತ. ಮತ್ತೆ ಗಂಟು, ಮತ್ತೆ ಕೊಯ್ತ. ಒಂದು ಸಾಲು ಮುಗಿದರೆ ಹೊಕ್ಕಿನ ಅಡ್ಡ ಎಳೆ ಹಾಯಿಸಿ, ಭಾರದ ಹಣಿಗೆಯಿಂದ ಧಡ್ ಧಡ್ ಬಡಿತ. ಮೊದಲೆಲ್ಲ ಮಂಜಿಷ್ಠದ ಬೇರಿನಿಂದಲೇ ಉಣ್ಣೆಯ ಈ ಕೆಂಪು ಬಣ್ಣ ತೆಗೆಯುತ್ತಿದ್ದರಂತೆ.

ಮಗ್ಗ ಯಾಕೆ ಮಲಗಿಸಿದ್ದಾರೆ ಅಂತ ಕೇಳಿದೆ. ಹಿಂದೆ ಇವರು ಕುರಿ ಮೇಯಿಸುತ್ತಾ ಡೇರೆ ಹೊತ್ತು ತಿರುಗುತ್ತಿದ್ದವರು. ಹೊರಡೋ ಹೊತ್ತಿಗೆ ಗೂಟ ಕಿತ್ತು, ಅರ್ಧ ನೇಯ್ದ ಜಮಖಾನೆಯ ಸಮೇತ ಸುತ್ತಿ ಒಂಟೆ ಮೇಲೆ ಹೇರಿದರೆ ಆಯಿತು. ಮುಂದಿನ ಬೀಡಿನಲ್ಲಿ ಬಿಟ್ಟಲ್ಲಿಂದಲೇ ಕೆಲಸ.

ನಾನು ಫೋನಿನಲ್ಲಿ ಅವ್ವನ ಇಳಕಲ್ ಸೀರೆ ತೋರಿಸಿದೆ. ಸೆರಗಿನ ಎಳೆಗೂ ಒಡಲಿನ ಎಳೆಗೂ ಕೊಂಡಿ ಹಾಕಿ ಕೂಡಿಸೋದನ್ನು ಬೆರಳಿಗೆ ಬೆರಳು ಸಿಕ್ಕಿಸಿ ಹೇಳಿದೆ. ನಮ್ಮ ದುಭಾಷಿ ಬಾಯಿ ತೆರೆಯುವ ಮೊದಲೇ ಎಜೆ ‘ಹಾ!’ ಅಂದರು. ಎರಡು ಎಳೆ ಎತ್ತಿಕೊಂಡು ಸರಿಯಾಗಿ ಅದೇ ಕೊಂಡಿ ಹಾಕಿ ನನ್ನ ಅಂಗೈಯಲ್ಲಿಟ್ಟರು.

ಪ್ರವಾಸದವರು ಬೆಳಿಗ್ಗೆ ಏಳಕ್ಕೇ ನಮ್ಮನ್ನು ಹೊರಡಿಸಿದರು. ತುರ್ಕ್‌ಮೆನ್ನರ ದೊಡ್ಡ ಕವಿ ಮಖ್ತೂಮ್‌ಕುಲಿಯ ಸಮಾಧಿ ಇರುವ ಆಕ್‌ತೊಕಾಯ್ ಕೂಡ ಹೊತ್ತಾಯಿತೆಂದು ಬಿಟ್ಟುಹೋಯಿತು. ಒಂದು ರಾತ್ರಿ ಯಾವ ಮೂಲೆಗೂ ಸಾಲದು. ಹೋದರೆ ಒಂದೇ ಹಳ್ಳಿಯಲ್ಲಿ ಮೂರು ದಿನ ಇರಬೇಕು.

ಅವ್ವನ ಹಳೇ ಸೀರೆಯ ಸೆರಗು, ಕೊಂಡಿ ಇರೋ ಕಡೆ, ಒಂದು ಮೊಳ ಕತ್ತರಿಸಿ ಇಟ್ಟಿದ್ದೇನೆ, ಎಜೆಗೆ ಅಂತ. ಅಲ್ಲಿ ಏಪ್ರಿಲ್‌ನಲ್ಲಿ ಹುಲ್ಲು ಹಸಿರಾಗಿರುತ್ತದೆ. ನೀನು ಬರ್ತೀಯಾ ಹೇಳು, ಇಬ್ಬರೂ ಕೂಡಿ ಕೊಟ್ಟು ಬರೋಣ.

ನಿನ್ನ,
ಇಳಕಲ್ಲಿನ ಗೆಳೆಯ