ಉಪಗ್ರಹದ ಲೆಕ್ಕಕ್ಕೆ ಕಾಡೊಳಗಿನ ಟೇಪು ಬೇಕು

ಮಾನ್ಯ ಸಂಪಾದಕರೇ,

ಇಸ್ರೊ-ನಾಸಾ ಜಂಟಿ ರೇಡಾರ್ ಉಪಗ್ರಹ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಮೇಲೆ, ಪಶ್ಚಿಮ ಘಟ್ಟದ ಕಾಡಿನ ಬಯೋಮಾಸ್, ಅಂದರೆ ನೆಲದ ಮೇಲಿನ ಮರಗಳ ಒಣತೂಕ, ಇನ್ನು ಆಕಾಶದಿಂದಲೇ ತಿಳಿಯುತ್ತದೆ ಎಂಬ ಭಾವನೆ ಹಲವರಲ್ಲಿದೆ. ಇದು ಅರ್ಧ ನಿಜ. ನಿಸಾರ್‌ನ 24 ಸೆಂ.ಮೀ. ಅಲೆಯ ಎಲ್-ಬ್ಯಾಂಡ್ ರೇಡಾರ್ ಮೋಡ, ಎಲೆ ದಾಟಿ ಕೊಂಬೆ ಮುಟ್ಟುತ್ತದೆ. ಆದರೆ ಹೆಕ್ಟೇರಿಗೆ ಸುಮಾರು 100 ಟನ್ ಮೀರಿದ ಕಾಡುಗಳ ನಡುವಿನ ವ್ಯತ್ಯಾಸ ಅದಕ್ಕೆ ಸರಿಯಾಗಿ ಸಿಗದು. ಘಟ್ಟದ ಹಳೆಯ ನಿತ್ಯಹರಿದ್ವರ್ಣ ಕಾಡು ಅದರ ಎರಡು-ಮೂರು ಪಟ್ಟು ತೂಗುತ್ತದೆ. ಯುರೋಪಿನ ‘ಬಯೋಮಾಸ್’ ಉಪಗ್ರಹದ 70 ಸೆಂ.ಮೀ. ಅಲೆ ಕಾಂಡದವರೆಗೂ ಇಳಿಯುತ್ತದೆ ನಿಜ, ಆದರೆ ಅದರ ತೂಕದ ನಕ್ಷೆಯ ಒಂದು ಚೌಕವೇ 4 ಹೆಕ್ಟೇರ್.

ಬಾಹ್ಯಾಕಾಶ ನಿಲ್ದಾಣದ ‘ಗೆಡಿ’ ಲೇಸರ್ 25 ಮೀಟರ್ ಅಗಲದ ವೃತ್ತದಲ್ಲಿ ಮರದ ಎತ್ತರ ಹೇಳುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ಆ ವೃತ್ತದೊಳಗೆ ನೆಲವೇ 14 ಮೀಟರ್ ಏರಿಳಿಯುತ್ತದೆ; ನೆಲದ ಗುರುತು ಮಸುಕಾಗಿ ಎತ್ತರ ತಪ್ಪುತ್ತದೆ.

ಎತ್ತರ ಸರಿಯಿದ್ದರೂ ಮರದ ಜಾತಿ ಗೊತ್ತಿರಬೇಕು, ಏಕೆಂದರೆ ಕಟ್ಟಿಗೆಯ ಸಾಂದ್ರತೆ ಜಾತಿಗೊಂದು ರೀತಿ. 60 ಸೆಂ.ಮೀ. ವ್ಯಾಸ, 30 ಮೀಟರ್ ಎತ್ತರದ ನಾಗಸಂಪಿಗೆ, ಉಷ್ಣವಲಯದ ಮರಗಳಿಗೆ ಬಳಸುವ 2014ರ ಸೂತ್ರದಂತೆ, ಸುಮಾರು 5 ಟನ್ ತೂಗುತ್ತದೆ. ಅಷ್ಟೇ ಗಾತ್ರದ ಬೂರುಗ 2 ಟನ್ನೂ ಇಲ್ಲ. ಮೇಲಿಂದ ನೋಡಿದ ರೇಡಾರಿಗೆ ಈ ಭೇದ ಕಾಣದು.

ಆದ್ದರಿಂದ ನಿತ್ಯಹರಿದ್ವರ್ಣ, ಎಲೆ ಉದುರುವ ಕಾಡು, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ನೆರಳು ಮರದ ಕಾಫಿ ತೋಟ, ಪ್ರತಿಯೊಂದರಲ್ಲೂ ಉಪಗ್ರಹದ ಲೆಕ್ಕವನ್ನು ಹೋಲಿಸಿ ಸರಿಪಡಿಸಲು, ಮರಗಳನ್ನು ನೆಲದಲ್ಲೇ ಅಳೆಯುವ ಒಂದೊಂದು ಹೆಕ್ಟೇರಿನ ಕಾಯಂ ತಾಕುಗಳು ಬೇಕು. ಅದಕ್ಕಿಂತ ಚಿಕ್ಕ ತಾಕಿನಲ್ಲಿ ಅಂಚಿನ ಒಂದು ದೊಡ್ಡ ಮರ ಒಳಗೋ ಹೊರಗೋ ಎಂಬುದರ ಮೇಲೆಯೇ ಲೆಕ್ಕ ವಾಲುತ್ತದೆ. ಮೊಬೈಲ್ ಜಿಪಿಎಸ್ ದಟ್ಟ ಮರಗಳಡಿ ಹತ್ತಾರು ಮೀಟರ್ ತಪ್ಪಬಹುದು. ತಾಕಿನ ಮೂಲೆಗಳನ್ನು ಹೆಚ್ಚು ನಿಖರವಾದ ಡಿಜಿಪಿಎಸ್‌ನಿಂದಲೇ ಗುರುತಿಸಬೇಕು. ಮರದ ವ್ಯಾಸ ಅಳೆಯಲು ಟೇಪನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಸುತ್ತಬೇಕು, ಬುಡದಲ್ಲಿ ಹಲಗೆಯಂತೆ ಚಾಚಿದ ಹಲಗೆಬೇರಿದ್ದರೆ ಅದು ಮುಗಿದು 30 ಸೆಂ.ಮೀ. ಮೇಲೆ. ಅವಸರದಲ್ಲಿ ಬೇರಿನ ಮೇಲೆಯೇ ಸುತ್ತಿದರೆ, ವ್ಯಾಸ ಶೇ 10ರಷ್ಟು ಹೆಚ್ಚಾದರೂ ತೂಕ ಶೇ 20ರಷ್ಟು ಉಬ್ಬುತ್ತದೆ. ರೇಡಾರ್ ಚಿತ್ರಗಳನ್ನು ಬೇಸಿಗೆಯವನ್ನೇ ಆರಿಸಬೇಕು. ಮಳೆಯಲ್ಲಿ ನೆನೆದ ಕಾಡು ಹೆಚ್ಚು ಅಲೆ ಹಿಂದಿರುಗಿಸಿ, ಇರುವುದಕ್ಕಿಂತ ಭಾರವಾಗಿ ತೋರುವುದುಂಟು.

ಅರಣ್ಯ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು ಇಂಥ ತಾಕುಗಳನ್ನು ಐದು ವರ್ಷಕ್ಕೊಮ್ಮೆ ಮರುಅಳತೆ ಮಾಡಿ, ದತ್ತಾಂಶವನ್ನು ಎಲ್ಲರಿಗೂ ತೆರೆದಿಡಲಿ. ಈ ತೂಕದಿಂದ ಲೆಕ್ಕಹಾಕುವ ಕಾಡಿನ ಇಂಗಾಲದ ಅಂಕಿ ಅಚ್ಚಾಗುವಾಗ ಅದು ಎಷ್ಟು ತಾಕುಗಳನ್ನು ಆಧರಿಸಿದೆ, ಶೇಕಡಾ ಎಷ್ಟು ಹೆಚ್ಚು-ಕಡಿಮೆ ಇರಬಹುದು ಎಂಬುದನ್ನೂ ಪಕ್ಕದಲ್ಲೇ ಕೊಡಬೇಕೆಂದು ತಮ್ಮ ಪತ್ರಿಕೆಯನ್ನೂ ಕೋರುತ್ತೇವೆ.

– ಅರಣ್ಯ ಮಾಪನದಲ್ಲಿ ತೊಡಗಿರುವ ಓದುಗರು, ಶಿರಸಿ